ಎರಡು ಗಂಟಲಿನ ಬ್ಯಾಂಡ್: ಆಲಿಸ್ ಇನ್ ಚೈನ್ಸ್ ಕೇಳುವವರಿಗೆ ಟಿಪ್ಪಣಿ

ಮೊದಲು ಆಲಿಸ್ ಇನ್ ಚೈನ್ಸ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ 'ಡರ್ಟ್' ಆಲ್ಬಮ್ ಹಾಕಿ. ಹೆಡ್‌ಫೋನ್ ಇದ್ದರೆ ಒಳ್ಳೆಯದು. ಮೊದಲ ಹಾಡು 'ದೆಮ್ ಬೋನ್ಸ್'. ಪೀಠಿಕೆ ಗೀಠಿಕೆ ಏನಿಲ್ಲ, ಗಿಟಾರ್ ಬಿದ್ದ ತಕ್ಷಣ ಒಬ್ಬ ಚೀರುತ್ತಾನೆ. ಗಿಟಾರ್ ಅದೇ ಸ್ವರಗುಚ್ಛವನ್ನು ತಿರುಗಿಸಿ ನುಡಿಸುತ್ತದೆ, ಅವನು ಮತ್ತೆ ಚೀರುತ್ತಾನೆ. ಇಷ್ಟು ಹೊತ್ತಿಗೆ ನಿಮ್ಮ ಕಾಲು ತಾಳ ಹಾಕಲು ಶುರು ಮಾಡಿರುತ್ತದೆ, ಮತ್ತು ತಪ್ಪಿರುತ್ತದೆ. ನನಗೂ ತಪ್ಪಿತ್ತು. ಗಿಟಾರ್ ಕಲಿಯಲು ಶುರು ಮಾಡಿದ ಮೊದಲ ವರ್ಷ ಈ ಹಾಡನ್ನು ನಾಲ್ಕರ ಲೆಕ್ಕದಲ್ಲಿ ನುಡಿಸಲು ಹೋಗಿ, ಪ್ರತಿ ಸುತ್ತಿಗೂ ಎಲ್ಲೋ ಒಂದು ಪೆಟ್ಟು ಉಳಿದುಹೋಗುತ್ತಿತ್ತು. ನನ್ನ ಕೈಯದೇ ತಪ್ಪು ಅಂದುಕೊಂಡಿದ್ದೆ. ಆಮೇಲೆ ಬಾಯಲ್ಲಿ ಎಣಿಸಿ ನೋಡಿದೆ: ಏಳು.

ಏಳು ಎಂದ ಕೂಡಲೇ ನಮ್ಮಲ್ಲಿ ಸಂಗೀತ ಪಾಠಕ್ಕೆ ಹೋದವರ ಬಾಯಿಗೆ 'ಮಿಶ್ರ ಚಾಪು' ಬರುತ್ತದೆ. ಎಣಿಕೆ ಸರಿ, ಹೋಲಿಕೆ ಅಷ್ಟು ಸರಿಯಲ್ಲ. ಮಿಶ್ರ ಚಾಪಿಗೆ ಮೂರು-ನಾಲ್ಕರ ಒಂದು ತೂಗಾಟವಿದೆ, ತಕಿಟ ತಕದಿಮಿ ಎಂದರೆ ಮೈ ತಾನಾಗಿ ಆಡುತ್ತದೆ. ಇಲ್ಲಿ ಆ ಸುಖವಿಲ್ಲ. ಎಂಟು ಇರಬೇಕಾದ ಕಡೆ ಕೊನೆಯದೊಂದನ್ನು ಕಿತ್ತುಕೊಂಡ ಹಾಗಿದೆ. ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಎಂದು ಕಾಲಿಟ್ಟರೆ ನೆಲ ಸಿಗುತ್ತದಲ್ಲ, ಹಾಗೆ. ಪಲ್ಲವಿ ಬಂದಾಗ ಮಾತ್ರ ಹಾಡು ನಾಲ್ಕರ ನಡೆಗೆ ಬಂದು ಉಸಿರು ಬಿಡುತ್ತದೆ, ಮುಗಿದ ಕೂಡಲೇ ಮತ್ತೆ ಏಳು. ಇಷ್ಟೆಲ್ಲ ಎರಡೂವರೆ ನಿಮಿಷದಲ್ಲಿ.

ಈಗ ಅದೇ ಹಾಡನ್ನು ಇನ್ನೊಂದು ಸಲ ಕೇಳಿ, ತಾಳ ಬಿಟ್ಟುಬಿಡಿ, ದನಿಯನ್ನು ಮಾತ್ರ ಹಿಡಿಯಿರಿ. ಚರಣದಲ್ಲಿ ಹಾಡುತ್ತಿರುವವರು ಎಷ್ಟು ಜನ? ಈ ಬ್ಯಾಂಡಿನ ಬಗ್ಗೆ ನಾನು ಹೇಳಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನೇ. ಗಿಟಾರಿನ ಭಾರ, ಸಾಹಿತ್ಯದ ಕತ್ತಲೆ ಇವುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನ ಮಟ್ಟಿಗೆ ಆಲಿಸ್ ಇನ್ ಚೈನ್ಸ್ ಅಂದರೆ ಒಂದಕ್ಕೊಂದು ಅಂಟಿಕೊಂಡು ಹೋಗುವ ಎರಡು ದನಿಗಳು. ಒಂದು ಗಾಯಕ ಲೇನ್ ಸ್ಟೇಲಿಯದು, ಇನ್ನೊಂದು ಗಿಟಾರ್ ನುಡಿಸುವ ಜೆರ್ರಿ ಕ್ಯಾಂಟ್ರೆಲ್‌ನದು.

ಗ್ರಂಜೋ ಮೆಟಲ್ಲೋ

ಊರು ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್. 1987ರಲ್ಲಿ ನಾಲ್ವರು ಸೇರಿದರು: ಸ್ಟೇಲಿ, ಕ್ಯಾಂಟ್ರೆಲ್, ಡ್ರಮ್ಸ್‌ಗೆ ಶಾನ್ ಕಿನ್ನಿ, ಬೇಸ್‌ಗೆ ಮೈಕ್ ಸ್ಟಾರ್. ಸ್ಟೇಲಿ ಅದಕ್ಕೆ ಮುಂಚೆ ಹೆಚ್ಚುಕಡಿಮೆ ಇದೇ ಹೆಸರಿನ ಗ್ಲಾಮ್ ಬ್ಯಾಂಡೊಂದರಲ್ಲಿ ಹಾಡುತ್ತಿದ್ದ, ಉಬ್ಬಿಸಿದ ಕೂದಲು, ಮುಖಕ್ಕೆ ಬಣ್ಣ ಎಲ್ಲ ಇದ್ದ ಕಾಲ. ಬ್ಯಾಲರ್ಡ್ ಬಡಾವಣೆಯ ಮ್ಯೂಸಿಕ್ ಬ್ಯಾಂಕ್ ಎಂಬ ತಾಲೀಮು ಜಾಗದಲ್ಲಿ ಇವರ ವಾಸ, ಅಭ್ಯಾಸ ಎರಡೂ. 1989ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಮೊದಲ ಆಲ್ಬಮ್ 'ಫೇಸ್‌ಲಿಫ್ಟ್' ಬಂದದ್ದು 1990ರ ಆಗಸ್ಟ್‌ನಲ್ಲಿ.

ಈ ತಾರೀಖು ನೆನಪಿರಲಿ. ಗ್ರಂಜ್ ಎಂಬ ಸಿಯಾಟಲ್ ರಾಕ್ ಎಂದರೆ ನಿರ್ವಾಣ ಬ್ಯಾಂಡ್, ಅಲ್ಲಿಂದಲೇ ಎಲ್ಲ ಶುರು ಎಂದು ಬಹಳ ಜನ ತಿಳಿದಿರುತ್ತಾರೆ. ನಿರ್ವಾಣದ 'ನೆವರ್‌ಮೈಂಡ್' ಬಂದದ್ದು 1991ರ ಸೆಪ್ಟೆಂಬರ್ 24ಕ್ಕೆ. ಆ ಹೊತ್ತಿಗೆ 'ಫೇಸ್‌ಲಿಫ್ಟ್' ಅಂಗಡಿಗೆ ಬಂದು ವರ್ಷ ದಾಟಿತ್ತು. ಕೊಂಡವರು ಅದನ್ನು ಗ್ರಂಜ್ ಎಂದಲ್ಲ, ಭಾರದ ಗಿಟಾರಿನ ಮೆಟಲ್ ಎಂದೇ ಕೊಂಡಿದ್ದರು.

ಗ್ರಂಜ್ ಒಂದು ರಾಗದ ಹಾಗೆ ಆರೋಹಣ-ಅವರೋಹಣ ಇರುವ ಸಂಗತಿಯಲ್ಲ, ಅದು ಒಂದು ಊರಿನ, ಒಂದು ಕಾಲದ ಹೆಸರು. ಪಂಕ್‌ನ ಒರಟುತನ ಮತ್ತು ಎಪ್ಪತ್ತರ ದಶಕದ ಹೆವಿ ರಾಕ್‌ನ ಭಾರ ಎರಡನ್ನೂ ಸಿಯಾಟಲ್‌ನವರು ಕಲಸಿದರು, ಆದರೆ ಪ್ರಮಾಣ ಒಬ್ಬೊಬ್ಬರದು ಒಂದೊಂದು. ನಿರ್ವಾಣದಲ್ಲಿ ಪಂಕ್ ಹೆಚ್ಚು. ಆಲಿಸ್ ಇನ್ ಚೈನ್ಸ್‌ನಲ್ಲಿ ಹೆವಿ ರಾಕ್‌ನ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಛಾಯೆ ಹೆಚ್ಚು: ನಿಧಾನ, ಇಳಿಸಿದ ಶ್ರುತಿ, ಎಳೆದೆಳೆದು ಬರುವ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು.

1991ರಲ್ಲಿ ಇವರು ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಒಟ್ಟಿಗೆ ಹೊರಟಿದ್ದ 'ಕ್ಲ್ಯಾಶ್ ಆಫ್ ದ ಟೈಟನ್ಸ್' ಪ್ರವಾಸದಲ್ಲಿ ಮೊದಲು ವೇದಿಕೆ ಏರುವ ಬ್ಯಾಂಡ್ ಆಗಿದ್ದರು. ಥ್ರ್ಯಾಶ್ ಎಂಬ ವೇಗದ ಮೆಟಲ್ ಕೇಳಲು ಬಂದವರಿಗೆ ಈ ನಿಧಾನ ಹಿಡಿಸಲಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ವೇದಿಕೆಯ ಮೇಲೆ ಎಸೆದರು. ಬ್ಯಾಂಡ್ ಹೆದರಿ ಒಳಗೆ ಹೋಗಲಿಲ್ಲ. ಅದೇ ವರ್ಷ ವ್ಯಾನ್ ಹೇಲನ್ ಜೊತೆಗೂ ಸುತ್ತಿದರು, 1993ರಲ್ಲಿ ಪರ್ಯಾಯ ರಾಕ್‌ನವರ ಜಾತ್ರೆಯಾದ ಲೊಲಪಲೂಜಾಕ್ಕೂ ಹೋದರು. ಮೆಟಲ್‌ನವರಿಗೆ ಗ್ರಂಜ್, ಗ್ರಂಜ್‌ನವರಿಗೆ ಮೆಟಲ್. ಪರೀಕ್ಷೆಯಲ್ಲಿ ಯಾರಾದರೂ 'ಯಾವ ಪ್ರಕಾರ' ಎಂದು ಕೇಳಿದರೆ ಎರಡನ್ನೂ ಬರೆಯಿರಿ, ಕಾರಣ ಬರೆಯಿರಿ.

ಸದ್ದಿನ ಒಳಗೆ

'ಫೇಸ್‌ಲಿಫ್ಟ್' ಅನ್ನು ಎಲ್ಲರ ಕಿವಿಗೆ ತಲುಪಿಸಿದ ಹಾಡು 'ಮ್ಯಾನ್ ಇನ್ ದ ಬಾಕ್ಸ್'. ಶುರುವಿನಲ್ಲಿ ಗಿಟಾರ್ ಮಾತಾಡಿದ ಹಾಗೆ ಕೇಳುತ್ತದೆ. ಅದು ಟಾಕ್ ಬಾಕ್ಸ್ ಎಂಬ ಸಾಧನ. ಗಿಟಾರಿನ ಸದ್ದು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಬಂದು ನುಡಿಸುವವನ ಬಾಯೊಳಗೆ ಬೀಳುತ್ತದೆ. ಅವನು ಗಂಟಲಿನಿಂದ ದನಿ ಹೊರಡಿಸುವುದಿಲ್ಲ, ಬಾಯನ್ನು ಮಾತ್ರ ಆ, ಓ, ವಾ ಎಂದು ಆಡಿಸುತ್ತಾನೆ, ಎದುರಿಗಿರುವ ಮೈಕ್ ಆ ಸದ್ದನ್ನು ಹಿಡಿಯುತ್ತದೆ. ಸ್ಟೇಲಿ ಆ ಗಿಟಾರಿನ ಜೊತೆಗೇ ಪದವಿಲ್ಲದೆ ಎಳೆಯುತ್ತಾನೆ. ಎಲ್ಲಿ ತಂತಿ ಮುಗಿಯಿತು, ಎಲ್ಲಿ ಗಂಟಲು ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಎರಡು ದನಿಗಳನ್ನು ಒಂದಕ್ಕೊಂದು ಅಂಟಿಸುವ ಗೀಳು ಆಗಲೇ ಶುರುವಾಗಿತ್ತು, ಒಂದು ಕಡೆ ಗಿಟಾರ್ ಇತ್ತು ಅಷ್ಟೆ.

ಗಿಟಾರ್ ಕಲಿಯುವವರಿಗೆ: 'ದೆಮ್ ಬೋನ್ಸ್' ನುಡಿಸಲು ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ, ಆಮೇಲೆ ದಪ್ಪ ತಂತಿಯನ್ನು ಮಾತ್ರ ಇನ್ನೂ ಒಂದು ಪೂರ್ಣ ಸ್ವರ ಇಳಿಸಬೇಕು. ಇದಕ್ಕೆ ಡ್ರಾಪ್ ಡಿ ಟ್ಯೂನಿಂಗ್, ಅರ್ಧ ಸ್ವರ ಕೆಳಗೆ ಎನ್ನುತ್ತಾರೆ. ಹೀಗೆ ಮಾಡಿದರೆ ಕೆಳಗಿನ ತಂತಿಗಳ ಮೇಲೆ ಒಂದೇ ಬೆರಳು ಅಡ್ಡ ಇಟ್ಟರೂ ಪವರ್ ಕಾರ್ಡ್ ಸಿಗುತ್ತದೆ, ಸ-ಪ ಎಂಬ ಗಟ್ಟಿ ಜೋಡಿ. ತಂತಿ ಸಡಿಲವಾದ್ದರಿಂದ ಸದ್ದಿಗೆ ಒಂದು ಕೆಸರು ಬರುತ್ತದೆ. ಆ ಬೆರಳು ಒಂದೊಂದೇ ಮನೆ ಜರುಗಿದಂತೆ ರಿಫ್ ತೆವಳುತ್ತಾ ಮೇಲೇರುತ್ತದೆ.

ಇನ್ನು ದನಿಯ ವಿಚಾರ. ಇಲ್ಲಿ ನಮ್ಮ ಕಿವಿಗೆ ಸ್ವಲ್ಪ ತರಬೇತಿ ಬೇಕು. ನಮ್ಮ ಕಛೇರಿಯಲ್ಲಿ ಪಿಟೀಲು ಹಾಡುಗಾರರನ್ನು ಹಿಂಬಾಲಿಸುತ್ತದೆ, ಇಬ್ಬರು ಸೇರಿ ಹಾಡಿದರೂ ಹಾಡುವುದು ಒಂದೇ ಸ್ವರವನ್ನು. ಹಾರ್ಮನಿಯಲ್ಲಿ ಹಾಗಲ್ಲ, ಒಬ್ಬ 'ಸ' ಹಿಡಿದಾಗ ಇನ್ನೊಬ್ಬ 'ಗ' ಹಿಡಿಯುತ್ತಾನೆ, ಅವನು ಜರುಗಿದಾಗ ಇವನೂ ಅಷ್ಟೇ ದೂರದಲ್ಲಿ ಜರುಗುತ್ತಾನೆ. ರಾಕ್‌ನಲ್ಲಿ ಇದು ಹೊಸದಲ್ಲ. ಆದರೆ ಬಹಳ ಕಡೆ ಒಂದು ದನಿ ಮುಖ್ಯ, ಇನ್ನೊಂದು ಪಲ್ಲವಿಯಲ್ಲಿ ಬಂದು ಸಿಹಿ ಸೇರಿಸಿ ಹೋಗುತ್ತದೆ, ಪಾಯಸಕ್ಕೆ ದ್ರಾಕ್ಷಿ ಹಾಕಿದ ಹಾಗೆ. ಸ್ಟೇಲಿ-ಕ್ಯಾಂಟ್ರೆಲ್ ಜೋಡಿಯಲ್ಲಿ ಎರಡನೆಯ ದನಿ ಅಲಂಕಾರವಲ್ಲ. ಚರಣದ ಮೊದಲ ಅಕ್ಷರದಿಂದಲೇ ಇಬ್ಬರೂ ಇರುತ್ತಾರೆ. ಸ್ಟೇಲಿಯದು ಹಲ್ಲು ಕಚ್ಚಿ ಮೂಗಿನ ಹತ್ತಿರ ಹಿಂಡಿದಂತೆ ಬರುವ ದನಿ, ಕ್ಯಾಂಟ್ರೆಲ್‌ನದು ತಣ್ಣಗಿನ, ಹೆಚ್ಚು ಏರಿಳಿತವಿಲ್ಲದ ದನಿ. ಬೇರೆ ಬೇರೆ ಕೇಳಿದರೆ ಎರಡಕ್ಕೂ ಸಂಬಂಧವೇ ಇಲ್ಲ. ಸೇರಿದಾಗ ಮೂರನೆಯ ಯಾರೋ ಹಾಡುತ್ತಿದ್ದಾರೆ ಅನ್ನಿಸುತ್ತದೆ. ಅದು ಸಿಹಿಯಲ್ಲ, ಒಗರು.

'ವುಡ್?' ಹಾಡಿನಲ್ಲಿ ಇಬ್ಬರನ್ನೂ ಬಿಡಿಸಿ ಇಟ್ಟಿದ್ದಾರೆ, ಆದ್ದರಿಂದ ಕಲಿಯುವವರಿಗೆ ಅನುಕೂಲ. ಬೇಸ್‌ನಿಂದ ಶುರು. ಚರಣದಲ್ಲಿ ಕ್ಯಾಂಟ್ರೆಲ್ ಗುನುಗಿದ ಹಾಗೆ ಹಾಡುತ್ತಾನೆ, ಪಲ್ಲವಿಯಲ್ಲಿ ಸ್ಟೇಲಿ ಬಾಗಿಲು ಒದ್ದು ಬರುತ್ತಾನೆ. 1990ರ ಮಾರ್ಚ್‌ನಲ್ಲಿ ಹೆರಾಯಿನ್‌ಗೆ ಬಲಿಯಾದ ಮದರ್ ಲವ್ ಬೋನ್ ಬ್ಯಾಂಡಿನ ಗಾಯಕ, ಇವರ ಗೆಳೆಯ ಆಂಡ್ರ್ಯೂ ವುಡ್‌ನನ್ನು ನೆನೆದು ಕ್ಯಾಂಟ್ರೆಲ್ ಬರೆದ ಹಾಡಿದು. ಹೆಸರಿನಲ್ಲೇ ಅವನ ಹೆಸರಿನ ದನಿ ಇದೆ. 'ರೂಸ್ಟರ್' ಕೂಡ ಕ್ಯಾಂಟ್ರೆಲ್‌ನದೇ. ಅದು ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಅವನ ಅಪ್ಪನ ಅಡ್ಡಹೆಸರು. ಮಗ ಬರೆದ ಅಪ್ಪನ ಕಥೆ, ಹಾಡುವವನು ಗೆಳೆಯ. ಇಂಥ ಹಂಚಿಕೆ ಬೇರೆ ಬ್ಯಾಂಡುಗಳಲ್ಲಿ ಇಷ್ಟು ಸಲೀಸಾಗಿ ಕಾಣುವುದಿಲ್ಲ.

ಮೆತ್ತಗಿನ ದಾರಿ

'ಡರ್ಟ್' ಬಂದದ್ದು 1992ರ ಸೆಪ್ಟೆಂಬರ್‌ನಲ್ಲಿ, ನಿರ್ಮಾಣ ಡೇವ್ ಜೆರ್ಡನ್‌ನದು. ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತೆಯ ಪಟ್ಟಿಯಲ್ಲಿ 6ನೇ ಸ್ಥಾನದವರೆಗೆ ಏರಿತು. ಅದರ ಹಲವು ಹಾಡುಗಳು ಮಾದಕ ವಸ್ತುವಿನ ಹಿಡಿತದ ಬಗ್ಗೆ, ಅದನ್ನು ಹೊಗಳದೆ, ಮುಚ್ಚಿಡದೆ ಇವೆ. ಸ್ಟೇಲಿ ಆ ಹಿಡಿತದೊಳಗೇ ಕೂತು ಬರೆಯುತ್ತಿದ್ದ. 1993ರ ಆರಂಭದಲ್ಲಿ ಮೈಕ್ ಸ್ಟಾರ್ ಬ್ಯಾಂಡ್ ಬಿಟ್ಟ. ಓಝಿ ಆಸ್ಬರ್ನ್ ಜೊತೆ ನುಡಿಸುತ್ತಿದ್ದ ಮೈಕ್ ಐನೆಜ್ ಬಂದ.

ಇಷ್ಟು ಭಾರದ ಬ್ಯಾಂಡ್ ಎರಡು ದೊಡ್ಡ ಆಲ್ಬಮ್‌ಗಳ ನಡುವೆ ಪ್ಲಗ್ ಕಿತ್ತು ಮೆತ್ತಗೆ ನುಡಿಸುತ್ತಿತ್ತು ಎಂಬುದು ಮೆಟಲ್ ಮಾತ್ರ ಕೇಳುವವರು ಹಾರಿಸಿಬಿಡುವ ಅಧ್ಯಾಯ. 1992ರ ಶುರುವಿನ 'ಸ್ಯಾಪ್' ಅಂಥದ್ದು. ಅದರಲ್ಲಿ ಹಾರ್ಟ್ ಬ್ಯಾಂಡಿನ ಆನ್ ವಿಲ್ಸನ್, ಸೌಂಡ್‌ಗಾರ್ಡನ್‌ನ ಕ್ರಿಸ್ ಕಾರ್ನೆಲ್, ಮಡ್‌ಹನಿಯ ಮಾರ್ಕ್ ಆರ್ಮ್ ಬಂದು ಹಾಡಿದ್ದಾರೆ. ಇನ್ನೊಂದು 'ಜಾರ್ ಆಫ್ ಫ್ಲೈಸ್'. 1993ರಲ್ಲಿ ಪ್ರವಾಸ ಮುಗಿಸಿ ಬಂದವರು ಸಿಯಾಟಲ್ ಬಳಿಯ ಲಂಡನ್ ಬ್ರಿಜ್ ಸ್ಟುಡಿಯೋದಲ್ಲಿ ಟೋಬಿ ರೈಟ್ ಜೊತೆ ಕೂತು, ಸುಮಾರು ಒಂದು ವಾರದಲ್ಲಿ ಬರೆದು ಮುಗಿಸಿ ಧ್ವನಿಮುದ್ರಿಸಿದರು. 1994ರ ಜನವರಿಯಲ್ಲಿ ಬಂದು ನೇರ ಮೊದಲ ಸ್ಥಾನಕ್ಕೇ ಹೋಯಿತು. ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯ ತುದಿಯಲ್ಲೇ ಕಣ್ಣು ಬಿಟ್ಟ ಮೊದಲ ಇಪಿ, ಅಂದರೆ ಪುಟ್ಟ ಆಲ್ಬಮ್, ಅದು. ಬರೀ ಏಳು ಹಾಡು. (ಮತ್ತೆ ಏಳು, ಇದಕ್ಕೆ ಅರ್ಥ ಹುಡುಕಬೇಡಿ.) ಗಿಟಾರಿನ ಗದ್ದಲ ತೆಗೆದಿಟ್ಟರೂ ಇದು ಯಾರ ಬ್ಯಾಂಡ್ ಎಂದು ತಕ್ಷಣ ಗುರುತು ಸಿಗುತ್ತದೆ. 'ನೋ ಎಕ್ಸ್‌ಕ್ಯೂಸಸ್' ಕೇಳಿ, ಗುರುತು ಸಿಗುವುದು ದನಿಗಳಿಂದ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನಲ್ಲಿಲ್ಲ.

1995ರ ನವೆಂಬರ್‌ನಲ್ಲಿ ಬ್ಯಾಂಡಿನ ಹೆಸರನ್ನೇ ಹೊತ್ತ ಆಲ್ಬಮ್ ಬಂತು, ಮುಖಪುಟದಲ್ಲಿ ಮೂರು ಕಾಲಿನ ನಾಯಿ. ಅದೂ ಮೊದಲ ಸ್ಥಾನ. ಆದರೆ ಪ್ರವಾಸವಿಲ್ಲ. 1996ರ ಏಪ್ರಿಲ್ 10ರಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಪ್ಲಗ್ ಕಿತ್ತು ನುಡಿಸುವ ಟಿವಿ ಕಾರ್ಯಕ್ರಮ ಎಂಟಿವಿ ಅನ್‌ಪ್ಲಗ್ಡ್‌ಗೆ ಕೂತಾಗ ಅವರು ವೇದಿಕೆ ಏರಿ ಎರಡು ವರ್ಷ ಮೀರಿತ್ತು. ಮೊದಲ ಹಾಡು 'ನಟ್‌ಶೆಲ್'. ಐನೆಜ್‌ನ ಬೇಸ್ ಗಿಟಾರಿನ ಮೇಲೆ, ಆಗಷ್ಟೇ ಕೂದಲು ಕತ್ತರಿಸಿಕೊಂಡು ಸಭೆಯಲ್ಲಿ ಕೂತಿದ್ದ ಮೆಟಾಲಿಕಾ ಬ್ಯಾಂಡಿನವರನ್ನು ಕಿಚಾಯಿಸುವ ಒಂದು ಸಾಲು ಬರೆದಿತ್ತು. ಸ್ಟೇಲಿ ಬಡಕಲಾಗಿದ್ದ, ಆದರೆ ದನಿ ನಿಂತಿತ್ತು. ಆ ವರ್ಷ ಜೂನ್ ಕೊನೆ, ಜುಲೈ ಶುರುವಿನಲ್ಲಿ ಕಿಸ್ ಬ್ಯಾಂಡಿಗೆ ಮೊದಲು ನುಡಿಸಿದ ಕೆಲವು ಕಾರ್ಯಕ್ರಮಗಳೇ ಅವನು ಈ ಬ್ಯಾಂಡಿನೊಂದಿಗೆ ಹಾಡಿದ ಕೊನೆಯವು. 2002ರ ಏಪ್ರಿಲ್ 5ರಂದು, ತನ್ನ 34ನೇ ವಯಸ್ಸಿನಲ್ಲಿ, ಸಿಯಾಟಲ್‌ನ ಮನೆಯಲ್ಲಿ ಒಬ್ಬನೇ ಇದ್ದಾಗ ತೀರಿಕೊಂಡ. ಯಾರಿಗಾದರೂ ಗೊತ್ತಾಗುವ ಹೊತ್ತಿಗೆ ಎರಡು ವಾರ ಕಳೆದಿತ್ತು.

ಒಂದು ಗಂಟಲು ಹೋದ ಮೇಲೆ

ಗಾಯಕ ಹೋದ ಮೇಲೆ ಬ್ಯಾಂಡ್ ಮುಂದುವರಿಸಿದರೆ ಅಭಿಮಾನಿಗಳು ಎರಡು ಪಾಲಾಗುತ್ತಾರೆ. ಇಲ್ಲೂ ಆದರು. 2006ರಲ್ಲಿ ಗಾಯಕನಾಗಿ ವಿಲಿಯಂ ಡುವಾಲ್ ಸೇರಿದ, 2009ರಲ್ಲಿ 'ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ' ಬಂತು. ಕೊನೆಯ ಹಾಡು ಸ್ಟೇಲಿಗೆ ವಿದಾಯ. ಅದಕ್ಕೆ ಪಿಯಾನೋ ನುಡಿಸಿದ್ದು ಎಲ್ಟನ್ ಜಾನ್. ಆಮೇಲೆ 2013ರಲ್ಲಿ ಒಂದು ಆಲ್ಬಮ್, 2018ರಲ್ಲಿ 'ರೇನಿಯರ್ ಫಾಗ್'. ಈ ಕೊನೆಯದಕ್ಕೆ ಸಿಯಾಟಲ್‌ಗೆ ಮರಳಿ, 1995ರ ಆಲ್ಬಮ್ ಮಾಡಿದ ಅದೇ ಸ್ಟುಡಿಯೋದಲ್ಲಿ ಕೂತಿದ್ದರು.

'ಸ್ಟೇಲಿ ಇಲ್ಲದ್ದು ಆಲಿಸ್ ಇನ್ ಚೈನ್ಸ್ ಅಲ್ಲ' ಎನ್ನುವ ಗೆಳೆಯರು ನನಗೂ ಇದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ, ವಾದ ಒಪ್ಪುವುದಿಲ್ಲ. ಒಂದೇ ದನಿಯ ಬ್ಯಾಂಡ್ ಆಗಿದ್ದರೆ ಅವರ ಮಾತು ಸರಿ. ಇಲ್ಲಿ ಅರ್ಧ ದನಿ, ಬಹುಪಾಲು ರಾಗ ಸಂಯೋಜನೆ ಕ್ಯಾಂಟ್ರೆಲ್‌ನದೇ ಆಗಿತ್ತು, ಅದು ಎಲ್ಲಿಗೂ ಹೋಗಿರಲಿಲ್ಲ. ಡುವಾಲ್ ಬುದ್ಧಿವಂತ, ಸ್ಟೇಲಿಯನ್ನು ಅಣಕಿಸಲು ಹೋಗಲಿಲ್ಲ. ಹೊಸ ಆಲ್ಬಮ್‌ಗಳಲ್ಲಿ ಕ್ಯಾಂಟ್ರೆಲ್ ಮುಂದೆ ಬಂದು, ಇವನು ಪಕ್ಕದಲ್ಲಿ ನಿಂತ. ಜೋಡಿ ಉಳಿಯಿತು, ಒಗರು ಮಾತ್ರ ಸ್ವಲ್ಪ ಕಡಿಮೆಯಾಯಿತು. ಹಿಂಡಿದ ಗಂಟಲಿನ ಆ ಉರಿ ಈಗ ಇಲ್ಲ. 'ಚೆಕ್ ಮೈ ಬ್ರೇನ್' ಕೇಳಿ ನೀವೇ ಹೇಳಿ.

ಅಭ್ಯಾಸಕ್ಕೆ ಒಂದು ಕೆಲಸ. 'ಡೌನ್ ಇನ್ ಎ ಹೋಲ್' ಹಾಡಿನ ಅನ್‌ಪ್ಲಗ್ಡ್ ರೂಪ ಹಾಕಿಕೊಂಡು, ಶುರುವಿನಿಂದ ಕೊನೆಯವರೆಗೆ ಕೆಳಗಿನ ದನಿಯನ್ನು ಮಾತ್ರ ಕಿವಿಯಲ್ಲಿ ಹಿಡಿಯಿರಿ. ಮೇಲಿನದು ಎಳೆಯುತ್ತದೆ, ಹೋಗಬೇಡಿ. ಹಿಡಿತ ಸಿಕ್ಕ ಮೇಲೆ ಇಬ್ಬರು ಕೂತು ಹಾಡಿ. ನಾನು ಚಿಕ್ಕಪ್ಪನ ಮಗನ ಜೊತೆ ಮಹಡಿಯ ಮೇಲೆ ಪ್ರಯತ್ನಿಸಿದೆ. ಅವನು ಮೇಲೆ, ನಾನು ಕೆಳಗೆ ಎಂದು ಒಪ್ಪಂದ. ಎರಡನೇ ಸಾಲಿಗೆ ನಾನು ಜಾರಿ ಅವನ ಸ್ವರಕ್ಕೇ ಸೇರಿಬಿಟ್ಟಿದ್ದೆ. 'ಅಣ್ಣಾ, ಮತ್ತೆ ನನ್ನ ಮನೆಗೆ ಬಂದೆ' ಅಂದ. ಕಿವಿಗೆ ಬೆರಳಿಟ್ಟುಕೊಂಡು, ಶ್ರುತಿಪೆಟ್ಟಿಗೆ ಆ್ಯಪ್ ಹಚ್ಚಿಕೊಂಡು, ಮೂರನೆಯ ಸಂಜೆಗೆ ನಾಲ್ಕು ಸಾಲು ನಿಂತಿತು. ಐದನೆಯ ಸಾಲಿಗೆ ಕೆಳಗಿನಿಂದ ಚಿಕ್ಕಮ್ಮ ಊಟಕ್ಕೆ ಕರೆದರು.