ಟ್ರೋಫಿ ಹಂಟಿಂಗ್ ಅಂದರೆ ಏನು?

ನಮ್ಮ 'ಬೇಟೆ' ಎಂಬ ಪದದೊಳಗೆ ಎಲ್ಲವೂ ಸೇರಿಕೊಂಡಿದೆ. ಹೊಟ್ಟೆಪಾಡಿಗೆ ಮೊಲ ಹೊಡೆದರೂ ಬೇಟೆ, ಗದ್ದೆಗೆ ನುಗ್ಗುವ ಹಂದಿ ಹೊಡೆದರೂ ಬೇಟೆ. ಟ್ರೋಫಿ ಹಂಟಿಂಗ್ ಇವೆರಡೂ ಅಲ್ಲ. ಸರ್ಕಾರದ ಪರವಾನಗಿ ಪಡೆದು, ದೊಡ್ಡ ಮೊತ್ತ ಕಟ್ಟಿ, ಆರಿಸಿದ ಒಂದು ಪ್ರಾಣಿಯನ್ನು ಹೊಡೆದು ಅದರ ಕೊಂಬನ್ನೋ ತಲೆಯನ್ನೋ ಮನೆಗೆ ಒಯ್ಯುವುದು ಟ್ರೋಫಿ ಹಂಟಿಂಗ್. ಪರವಾನಗಿ ಇಲ್ಲದೆ ಹೊಡೆದರೆ ಅದು ಕಳ್ಳಬೇಟೆ. ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ.

ಈ ಗೀಳು ನಮಗೇನೂ ಹೊಸದಲ್ಲ. ರಾಜರು, ಬ್ರಿಟಿಷ್ ಅಧಿಕಾರಿಗಳು ಹೊಡೆದ ಸಾವಿರಾರು ಹುಲಿ, ಚಿರತೆಗಳನ್ನು ಹದಮಾಡಿ ಗೋಡೆಗೆ ಏರುವಂತೆ ಮಾಡುತ್ತಿದ್ದುದು ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿ ಶಿಕಾರಿಗೆ ಬಾಗಿಲು ಮುಚ್ಚಿತು.

ಆದರೆ ಇಂಥ ಬೇಟೆಯಿಂದಲೇ ಪ್ರಾಣಿಗಳು ಉಳಿಯುತ್ತವೆ ಅನ್ನುವವರೂ ಇದ್ದಾರೆ. ಕೊಲ್ಲುವುದರಿಂದ ಪ್ರಾಣಿ ಉಳಿಯುವುದು ಹೇಗೆ? ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ತೋರ್‌ಘರ್ ಬೆಟ್ಟಗಳ ಕಥೆ ನೋಡಿ. ಅಲ್ಲಿ ಮಾರ್ಖೋರ್ ಎಂಬ ಸುರುಳಿ ಕೊಂಬಿನ ಕಾಡುಮೇಕೆ ಇದೆ. ಅಫ್ಘಾನಿಸ್ತಾನದ ಯುದ್ಧದಿಂದಾಗಿ ಆ ಕಡೆ ಬಂದೂಕುಗಳು ತುಂಬಿಕೊಂಡು, ಸಿಕ್ಕಸಿಕ್ಕವರೆಲ್ಲ ಮಾಂಸಕ್ಕಾಗಿ ಹೊಡೆದು, ಅದು ಇನ್ನೇನು ಮುಗಿಯಿತು ಅನ್ನುವ ಹಂತಕ್ಕೆ ಬಂದಿತ್ತು. 1980ರ ದಶಕದಲ್ಲಿ ಬುಡಕಟ್ಟಿನ ಮುಖಂಡರು ಬೇಟೆ ನಿಲ್ಲಿಸಿ, ಬೇಟೆಯಾಡುತ್ತಿದ್ದ ಜನರನ್ನೇ ಕಾವಲಿಗೆ ಹಾಕಿಕೊಂಡರು. ಸಂಬಳ? ಹೊರದೇಶದ ಶ್ರೀಮಂತ ಬೇಟೆಗಾರರಿಂದ. ಅವರು ಹೊಡೆಯಬಹುದಾದದ್ದು ವರ್ಷಕ್ಕೆ ಕೆಲವೇ ಕೆಲವು ಮುದಿ ಹೋತಗಳನ್ನು, ಅಷ್ಟೆ. ಒಂದೇ ಹೋತ ಹಲವು ಹೆಣ್ಣುಗಳನ್ನು ಕೂಡುವುದರಿಂದ, ಮುದಿಯಾದವು ನಾಲ್ಕಾರು ಹೋದರೂ ಹುಟ್ಟುವ ಮರಿಗಳ ಲೆಕ್ಕ ಇಳಿಯುವುದಿಲ್ಲ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ ಇಡೀ ಪಾಕಿಸ್ತಾನಕ್ಕೆ 1997ರಲ್ಲಿ ಸಿಕ್ಕ ಕೋಟಾ ವರ್ಷಕ್ಕೆ 6 ಮಾರ್ಖೋರ್, ಆಮೇಲೆ 12. ಪರವಾನಗಿ ಹಣದಲ್ಲಿ ಶೇ. 80 ಸ್ಥಳೀಯ ಜನರಿಗೆ. ಉತ್ತರದ ಬೆಟ್ಟಗಳಲ್ಲಿ ಒಂದೊಂದು ಪರವಾನಗಿ 1 ಲಕ್ಷ ಡಾಲರ್ ದಾಟಿದೆ. 2015ರಲ್ಲಿ ಮಾರ್ಖೋರ್ 'ಅಪಾಯದಲ್ಲಿರುವ' ಪ್ರಾಣಿಗಳ ಪಟ್ಟಿಯಿಂದ ಹೊರಬಂತು.

ಕೀನ್ಯಾ 1977ರಲ್ಲೇ ಇಂಥ ಬೇಟೆ ನಿಷೇಧಿಸಿತಲ್ವಾ, ಅಂತ ಕೇಳಬಹುದು. ನಿಜ. ಅಲ್ಲಿಗೆ ಸಫಾರಿ ನೋಡಲು ಜಗತ್ತೇ ಬರುತ್ತದೆ. ತೋರ್‌ಘರ್‌ಗೆ ಕ್ಯಾಮೆರಾ ಹಿಡಿದು ಯಾರು ಹೋಗುತ್ತಾರೆ?

ಮೇಕೆಯ ಈ ಲೆಕ್ಕವನ್ನು ಸುಮ್ನೆ ಸಿಂಹಕ್ಕೂ ಹಚ್ಚಲು ಬರುವುದಿಲ್ಲ. ಗುಂಪಿನ ಗಂಡು ಸತ್ತರೆ ಹೊಸ ಗಂಡು ಬಂದು ಹಳೆಯದರ ಮರಿಗಳನ್ನು ಕೊಲ್ಲುತ್ತದೆ. ಹೀಗೆ ಒಂದು ಗುಂಡಿಗೆ ಹಲವು ಜೀವ ಹೋಗಬಹುದು. 2015ರಲ್ಲಿ ಜಿಂಬಾಬ್ವೆಯ ಸೆಸಿಲ್ ಎಂಬ ಸಿಂಹ ಟ್ರೋಫಿ ಬೇಟೆಗಾರನ ಕೈಯಲ್ಲಿ ಸತ್ತಾಗ ಜನ ಸಿಟ್ಟಾದದ್ದು ನನಗೆ ಅರ್ಥವಾಗುತ್ತದೆ. ಕೆನಡಾದ ಕಾಡುಕುರಿಗಳಲ್ಲಿ ಇನ್ನೊಂದು ಸಂಗತಿ ಕಂಡುಬಂತು. ದೊಡ್ಡ ಕೊಂಬಿನ ಟಗರುಗಳನ್ನೇ ಆರಿಸಿ ಹೊಡೆಯುತ್ತಾ ಹೋದಂತೆ ಮುಂದಿನ ಪೀಳಿಗೆಗಳ ಕೊಂಬು ಚಿಕ್ಕದಾಗುತ್ತಾ ಬಂತು.

ಮಾರ್ಖೋರ್ ಬೇಟೆಯನ್ನು ನಾನು ನೋವಿನಿಂದಲೇ ಒಪ್ಪುತ್ತೇನೆ. ಒಪ್ಪಲು ಆಗದ್ದು ದಕ್ಷಿಣ ಆಫ್ರಿಕಾದಲ್ಲಿ ನಡೆದುಬಂದ 'ಕ್ಯಾನ್ಡ್ ಹಂಟಿಂಗ್'. ಫಾರ್ಮಿನಲ್ಲಿ ಸಾಕಿದ ಸಿಂಹವನ್ನು ಬೇಲಿಯೊಳಗೆ ಬಿಟ್ಟು ಹೊಡೆಸುತ್ತಾರೆ. ಆ ಸಿಂಹ ಕಾಡನ್ನೇ ಕಂಡಿರುವುದಿಲ್ಲ, ಅದರ ಸಾವಿಗೆ ಬಂದ ದುಡ್ಡು ಫಾರ್ಮಿನ ಮಾಲೀಕನ ಜೇಬಿಗೆ ಹೋಗುತ್ತದೆ.