ಮುಳುಗಿದ ದ್ವೀಪ ಯಾರದು ಸಾರ್?

ಪ್ರಶ್ನೆ: ಭಾರತ, ಬಾಂಗ್ಲಾದೇಶ ಎರಡೂ ತನ್ನದು ಅಂತಿದ್ದ ನ್ಯೂ ಮೂರ್ ದ್ವೀಪ ಈಗ ಯಾರದು? ಅದು ಮುಳುಗಿದ ಮೇಲೆ ಜಗಳವೂ ಮುಗಿಯಿತಂತೆ, ಹೌದಾ? (ಸಾಗರದ ಓದುಗರು)

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಇರಲಿ. ದ್ವೀಪ ಈಗಿಲ್ಲ. ಅದಿದ್ದ ಜಾಗ ಭಾರತದ ಪಾಲಿಗೆ ಬಂದಿದೆ.

1970ರ ಭೋಲಾ ಚಂಡಮಾರುತದ ನಂತರ, ಎರಡು ದೇಶಗಳ ಗಡಿಯಲ್ಲಿ ಹರಿದು ಬಂಗಾಳ ಕೊಲ್ಲಿ ಸೇರುವ ಹರಿಯಾಭಂಗಾ ನದಿಯ ಬಾಯಲ್ಲಿ ಕಾಣಿಸಿಕೊಂಡ ಮರಳು ದಿಬ್ಬ ಅದು. ಎತ್ತರ ಹೆಚ್ಚೆಂದರೆ ಎರಡು ಮೀಟರ್. ಒಂದು ಮನೆಯೂ ಇರಲಿಲ್ಲ. ಹೆಸರು ಮಾತ್ರ ಮೂರು! ನಮಗೆ ನ್ಯೂ ಮೂರ್, ಪೂರ್ವಾಶಾ. ಅವರಿಗೆ ದಕ್ಷಿಣ ತಾಲ್‌ಪಟ್ಟಿ. 1981ರಲ್ಲಿ ನಾವು ಅಲ್ಲಿ ಬಾವುಟವನ್ನೂ ಹಾರಿಸಿದೆವು.

2010ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯದ ಸಂಶೋಧಕರು ದ್ವೀಪ ಪೂರ್ತಿ ಮುಳುಗಿದೆ ಎಂದರು. ಸರಿ, ಅಂದಿನಿಂದ 'ಸಮುದ್ರವೇ ತೀರ್ಪು ಕೊಟ್ಟಿತು' ಅನ್ನೋ ಮಾತು ಹುಟ್ಟಿಕೊಂಡಿತು. ಕೇಳೋಕೆ ಚೆನ್ನಾಗಿದೆ. ಆದರೆ ಸುಳ್ಳು.

ತೋಟ ಇರುವವರು ನೀವು, ನಿಮಗೆ ಬೇಗ ತಿಳಿಯುತ್ತದೆ. ಇಬ್ಬರ ತೋಟದ ನಡುವೆ ಹಳ್ಳವೇ ಗಡಿ. ಒಂದು ಮಳೆಗಾಲ ಹಳ್ಳದ ಮಧ್ಯೆ ಮರಳು ಗುಡ್ಡೆಯಾಗಿ ನೀರು ಎರಡು ಸೀಳಾಯಿತು. ದಿಬ್ಬದ ಆಚೆ ಹರಿಯುವುದೇ ಅಸಲಿ ಹಳ್ಳ ಅಂತ ಈಚೆಯವನು. ಅಲ್ಲ, ಈಚೆಯದೇ ಅಂತ ಆಚೆಯವನು. ಭಾರತ, ಬಾಂಗ್ಲಾ ವಾದವೂ ಇಷ್ಟೇ: ಮುಖ್ಯ ಹರಿವು ದ್ವೀಪದ ಪೂರ್ವಕ್ಕೋ ಪಶ್ಚಿಮಕ್ಕೋ? ಮರುವರ್ಷದ ನೆರೆಗೆ ದಿಬ್ಬ ಕೊಚ್ಚಿಹೋಯಿತು ಅನ್ನಿ. ಗಡಿ ಎಲ್ಲಿ ಅಂತ ಗೊತ್ತಾಯಿತಾ? ಇಲ್ಲ. ಸರ್ವೆಯವರು ಬರಲೇಬೇಕು, ಸರಪಳಿ ಎಳೆಯಲೇಬೇಕು.

ಅಲ್ಲೂ ಹಾಗೇ ಆಯಿತು. ಜಗಳ ಮರಳಿಗಲ್ಲ, ಅದರಾಚೆಯ ಕಡಲಿಗೆ: ಮೀನು, ತಳದಲ್ಲಿ ಸಿಗಬಹುದಾದ ಅನಿಲ. ಬಾಂಗ್ಲಾದೇಶ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ದಾವೆ ಹೂಡಿದ್ದು 2009ರಲ್ಲಿ. ದ್ವೀಪ ಮುಳುಗಿದ ಸುದ್ದಿ ಬಂದ ಮೇಲೂ ನಾಲ್ಕು ವರ್ಷ ವಿಚಾರಣೆ ನಡೆಯಿತು. 2013ರಲ್ಲಿ ನ್ಯಾಯಮಂಡಳಿಯವರೇ ಬಂದು ಜಾಗ ನೋಡಿಕೊಂಡು ಹೋದರು. ಸಮುದ್ರ ತೀರ್ಪು ಕೊಟ್ಟಿದ್ದರೆ ಅವರಿಗೇನು ಕೆಲಸ, ಅಲ್ವಾ?

2014ರ ಜುಲೈ 7ಕ್ಕೆ ತೀರ್ಪು. ಆ ದಿಬ್ಬವನ್ನು ಆಧಾರವಾಗಿಟ್ಟು ಗೆರೆ ಎಳೆಯೋಕೆ ಮಂಡಳಿ ಒಪ್ಪಲಿಲ್ಲ. ತಕರಾರಿನಲ್ಲಿದ್ದ 25,602 ಚದರ ಕಿಲೋಮೀಟರಿನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. 'ದ್ವೀಪ ಗೆದ್ದೆವು' ಅನ್ನುವವರು ಇದನ್ನೂ ಓದಿಕೊಳ್ಳಲಿ. ಮರಳಿನ ಜಾಗ ನಮಗೆ, ನೀರು ಜಾಸ್ತಿ ಅವರಿಗೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ದ್ವೀಪ ಅಂದರೆ ಯಾವುದು? ಕಡಲ ಕಾನೂನಿನಲ್ಲಿ, ಉಬ್ಬರದ ಹೊತ್ತಲ್ಲೂ ನೀರಿನ ಮೇಲಿರುವ, ಸುತ್ತಲೂ ನೀರಿರುವ ನೆಲ. ಆ ಲೆಕ್ಕಕ್ಕೆ, ಎಲ್ಲರೂ ದ್ವೀಪ ಅಂತ ಕರೆಯುವ ಸಾಗರ ತಾಲೂಕಿನ ನಮ್ಮ ತುಮರಿ ದ್ವೀಪವೇ ಅಲ್ಲ! ಲಿಂಗನಮಕ್ಕಿ ಹಿನ್ನೀರು ಎಲ್ಲ ಕಡೆ ಸುತ್ತಿಲ್ಲ. ಕಾರ್ಗಲ್, ಕೋಗಾರಿನ ಮೇಲೆ ಸುತ್ತು ಹಾಕಿದರೆ ಲಾಂಚ್ ಹತ್ತದೆಯೂ ತಲುಪಬಹುದಿತ್ತು. 2025ರ ಜುಲೈನಿಂದ ಸೇತುವೆಯೂ ಇದೆ. ನಲವತ್ತು ಮಕ್ಕಳ ಮುಂದೆ ಬೋರ್ಡಿನ ಮೇಲೆ ನಕಾಶೆ ಬರೆದು ಇದನ್ನೇ ಕಲಿಸಿದವನು ನಾನು.

ಮೊನ್ನೆ ಅದೇ ಸೇತುವೆಯ ಮೇಲೆ ಬಸ್ಸಿನಲ್ಲಿ ಪಕ್ಕದ ಅಜ್ಜಿ, "ದ್ವೀಪಕ್ಕೆ ಹೊರಟ್ರಾ ಮೇಷ್ಟ್ರೇ?" ಅಂದರು. ಹೂಂ ಅಂದೆ.