ಚೆಕ್ ಪಾಸಾಯಿತು, ಲೆಕ್ಕ ಸರಿಯಿದೆಯಾ?

"ಎರರ್ ಸೊನ್ನೆ, ವಾರ್ನಿಂಗ್ ಸೊನ್ನೆ, ನೋಟ್ ಸೊನ್ನೆ. ಇನ್ನೇನು ನೋಡ್ತೀರಿ ಮೇಡಂ?" ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ಯಾಕೇಜ್ (ಬೇರೆಯವರೂ ಬಳಸಬಹುದಾದ ಫಂಕ್ಷನ್‌ಗಳ ಕಟ್ಟು) ಬರೆದು ತರುವವರು ಹೆಚ್ಚಾಗಿ ಹೀಗೇ ಕೇಳುತ್ತಾರೆ. ನನ್ನ ಕೆಲಸ ಶುರುವಾಗುವುದೇ ಅಲ್ಲಿಂದ.

ಅವರು ಹೇಳುವುದು R CMD check ಬಗ್ಗೆ, ಅಂದರೆ ಪ್ಯಾಕೇಜನ್ನು ತಾನಾಗಿ ಪರೀಕ್ಷಿಸುವ ಆರ್‌ನದೇ ಸಾಧನ. ಆ ಚೆಕ್ ಬಗ್ಗೆ ನನಗೆ ತುಂಬ ಗೌರವವಿದೆ. ಹೆಲ್ಪ್ ಪುಟಕ್ಕೂ ಕೋಡಿಗೂ ತಾಳೆಯಾಗದಿದ್ದರೆ ಹಿಡಿಯುತ್ತದೆ, ಉದಾಹರಣೆಗಳನ್ನೆಲ್ಲ ಓಡಿಸಿ ನೋಡುತ್ತದೆ. ಆರ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಕ್ರಾನ್‌ನವರಂತೂ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡಿಸುತ್ತಾರೆ. ನಿಮ್ಮ ಪ್ಯಾಕೇಜನ್ನು ನೆಚ್ಚಿಕೊಂಡ ಬೇರೆ ಪ್ಯಾಕೇಜ್‌ಗಳು ಕೆಡುತ್ತವೆಯೇ ಅಂತಲೂ ಪರೀಕ್ಷಿಸುತ್ತಾರೆ. ಆದರೆ ನೀವು ಬರೆದ ಸೂತ್ರ ಸರಿಯೋ ತಪ್ಪೋ ಅನ್ನುವುದು ಆ ಚೆಕ್‌ಗೆ ಹೇಗೆ ಗೊತ್ತಾಗಬೇಕು?

"ಟೆಸ್ಟ್ ಬರೆದಿದ್ದೀವಲ್ಲ" ಅನ್ನುತ್ತಾರೆ. ಫಂಕ್ಷನ್ ಕೊಟ್ಟ ಉತ್ತರ, ಬರೆದಿಟ್ಟ ಸರಿಯುತ್ತರಕ್ಕೆ ಸಮವೇ ಅಂತ ನೋಡುವ ಪುಟ್ಟ ಕೋಡೇ ಟೆಸ್ಟ್. ತೆರೆದು ನೋಡಿದರೆ, ತಮ್ಮದೇ ಫಂಕ್ಷನ್ ಓಡಿಸಿ, ಬಂದ ಸಂಖ್ಯೆಯನ್ನೇ ನಕಲು ಮಾಡಿ, ಅದೇ ಸರಿಯುತ್ತರ ಅಂತ ಟೆಸ್ಟ್‌ನಲ್ಲಿ ಇಟ್ಟಿರುತ್ತಾರೆ. ಹುಡುಗ ತನ್ನ ಉತ್ತರ ಪತ್ರಿಕೆ ತಾನೇ ತಿದ್ದಿಕೊಂಡ ಹಾಗಾಯಿತು, ಅಲ್ವಾ? ಅದರಿಂದ ಉಪಯೋಗವೇ ಇಲ್ಲ ಅನ್ನುತ್ತಿಲ್ಲ. ನಾಳೆ ಉತ್ತರ ಬದಲಾದರೆ ತಿಳಿಯುತ್ತದೆ. ಇವತ್ತಿನ ಉತ್ತರವೇ ತಪ್ಪಾಗಿದ್ದರೆ ಮಾತ್ರ ಆ ತಪ್ಪನ್ನೇ ಕಾಯುತ್ತಾ ಕೂರುತ್ತದೆ. ಕವರೇಜ್ ಶೇ 100 ಬಂದರೂ ಅಷ್ಟೇ. ಪ್ರತಿ ಸಾಲೂ ಒಮ್ಮೆಯಾದರೂ ಓಡಿದೆ ಅಂತ ಅರ್ಥ, ಅದಕ್ಕಿಂತ ಜಾಸ್ತಿ ಏನಿಲ್ಲ.

ಒಬ್ಬ ಹುಡುಗಿ ತಂದ ಪ್ಯಾಕೇಜ್‌ನಲ್ಲಿ ಮಾನಕ ವಿಚಲನೆಗೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಶಾಲೆಯಲ್ಲಿ ಕಲಿತ ಸುಲಭ ಸೂತ್ರವಿತ್ತು: ವರ್ಗಗಳ ಮೊತ್ತದಿಂದ ಸರಾಸರಿಯ ವರ್ಗದ n ಪಟ್ಟು (n ಅಂದರೆ ಸಂಖ್ಯೆಗಳ ಎಣಿಕೆ) ಕಳೆದು, ಆಮೇಲೆ ಭಾಗಿಸಿ ವರ್ಗಮೂಲ ತೆಗೆಯುವುದು. ಕಾಗದದ ಮೇಲೆ ಸರಿಯಾದದ್ದೇ. 1ರಿಂದ 10ರವರೆಗಿನ ಸಂಖ್ಯೆಗಳಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅಮೆರಿಕದ ನಿಸ್ಟ್ ಸಂಸ್ಥೆ ಇಂಥ ಪರೀಕ್ಷೆಗೆಂದೇ ಇಟ್ಟಿರುವ ನ್ಯೂಮ್‌ಆ್ಯಕ್4 ದತ್ತಾಂಶ ಕೊಟ್ಟೆ. ಅದರಲ್ಲಿ 1001 ಸಂಖ್ಯೆಗಳಿವೆ, ಎಲ್ಲವೂ ಒಂದು ಕೋಟಿಯ ಆಸುಪಾಸು. ಸರಾಸರಿ 10000000.2, ಮಾನಕ ವಿಚಲನೆ 0.1. ಅವಳ ಫಂಕ್ಷನ್‌ಗೆ 0.1 ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ವರ್ಗಗಳ ಮೊತ್ತ 1ರ ಮುಂದೆ 17 ಸೊನ್ನೆಯಷ್ಟು ದೊಡ್ಡದು. ಅಷ್ಟು ಎತ್ತರದಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳಬಲ್ಲ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರವೇ 16. ಕಳೆದಾಗ ಉಳಿಯಬೇಕಾದ ವ್ಯತ್ಯಾಸ ಬರೀ 10! ಮೊದಲು ಪ್ರತಿ ಸಂಖ್ಯೆಯಿಂದ ಸರಾಸರಿ ಕಳೆದು ಆಮೇಲೆ ವರ್ಗ ಮಾಡಿ ಅಂದೆ. ಅಲ್ಲೇ ಕೂತು ತಿದ್ದಿದಳು, 0.1 ಬಂತು. ಅವಳ ಮುಖ ನೋಡಿ ನನಗೂ ಖುಷಿಯಾಯಿತು. ಅವಳ ಪ್ಯಾಕೇಜ್ ಮೊದಲೂ ಚೆಕ್ ಪಾಸಾಗಿತ್ತು, ಆಮೇಲೂ ಪಾಸಾಯಿತು.

ಸರಿಯುತ್ತರ ಹೊರಗಿನಿಂದ ಬರಬೇಕು, ಇಷ್ಟೇ ನಾನು ಕೇಳುವುದು. ನಿಸ್ಟ್‌ನ ದತ್ತಾಂಶವಾಗಲಿ, ಬೇರೆ ತಂತ್ರಾಂಶವಾಗಲಿ, ಕೈಯಲ್ಲಿ ಮಾಡಿದ ಲೆಕ್ಕವಾಗಲಿ. 2, 4, 4, 4, 5, 5, 7, 9 ಇದ್ದರೆ ವಿಚಲನೆಗಳ ವರ್ಗಗಳ ಮೊತ್ತ 32. ಅದನ್ನು ಎಣಿಕೆಯಾದ 8ರಿಂದ ಭಾಗಿಸಿದಿರೋ, ಒಂದು ಕಡಿಮೆ ಮಾಡಿ 7ರಿಂದಲೋ ಅನ್ನುವುದು ಒಂದೇ ಸಾಲಿನ ಟೆಸ್ಟ್‌ನಲ್ಲಿ ಗೊತ್ತಾಗುತ್ತದೆ. ತೀರಾ ಹೊಸ ವಿಧಾನಕ್ಕೆ ಇಂಥ ಉತ್ತರ ಸಿಗದೆ ಇರಬಹುದು. ಆಗ ಅದು ಹಳೆಯ ವಿಧಾನಕ್ಕೆ ಸಮವಾಗುವ ಸಂದರ್ಭ ಹುಡುಕಿ: ತೂಕಗಳೆಲ್ಲ ಒಂದೇ ಆದಾಗ ತೂಕದ ಸರಾಸರಿ ಸಾದಾ ಸರಾಸರಿಯೇ ಆಗಬೇಕಲ್ಲ, ಹಾಗೆ. ಇದೂ ಪೂರ್ತಿ ಖಾತರಿಯಲ್ಲ. ಆದರೂ ಎಷ್ಟೋ ತಪ್ಪು ಸಿಕ್ಕಿಬೀಳುತ್ತವೆ.

ಮುಂದಿನ ಸಲ ಬರುವಾಗ ಪ್ರತಿ ಟೆಸ್ಟ್‌ನ ಪಕ್ಕ, ಆ ಸಂಖ್ಯೆ ಎಲ್ಲಿಂದ ಬಂತು ಅಂತ ಒಂದು ಸಾಲು ಕಾಮೆಂಟ್ ಬರೆದು ತನ್ನಿ. 'ನಮ್ಮ ಕೋಡ್ ಓಡಿಸಿ ನಕಲು ಮಾಡಿದ್ದು' ಅಂತಿದ್ದರೆ ಹಾಗೇ ಬರೆಯಿರಿ. ಮೊದಲು ಅದನ್ನೇ ನೋಡೋಣ.